ಕಮಲಾಪುರದಲ್ಲಿ ಕೇಳಿದ ಪ್ರಸಾದ

ಆ ಶನಿವಾರ, ಭಾನುವಾರಗಳ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಕೂತಿರಬಹುದು. ಟಿವಿಯಲ್ಲಿ ಹೊತ್ತಿ ಉರಿಯುತ್ತಿದ್ದ ತೈಲದ ಟ್ಯಾಂಕನ್ನು ಆ ಶನಿವಾರವೇ ನೋಡಿದೆನೋ, ಅದಕ್ಕೂ ಮುಂಚೆಯೋ ಹೇಳಲಾರೆ. ಒಂದೇ ದೃಶ್ಯವನ್ನು ಅಷ್ಟು ಸಲ ತೋರಿಸಿದರೆ ಅದಕ್ಕೆ ವಾರವಿಲ್ಲ, ದಿನವಿಲ್ಲ. ಭಾವನವರ ಫೋನ್ ಬಂದದ್ದು ಮಾತ್ರ ಶುಕ್ರವಾರ. ಅದರಲ್ಲಿ ಅನುಮಾನವಿಲ್ಲ.

ಅಕ್ಕನ ಗಂಡ ಕೊಲ್ಲಿ ದೇಶದ ಒಂದು ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ. ನಮ್ಮೂರಿನ ಅಂಚಿನ ಕಪನೂರಿನಲ್ಲಿ ಅವರಿದ್ದ ವರ್ಕ್‌ಶಾಪ್ ಮುಚ್ಚಿದ ಮೇಲೆ ಹೋದವರು. ಈಗ ಯುದ್ಧ ಆ ಬಂದರಿನ ಹತ್ತಿರಕ್ಕೇ ಬಂದಿತ್ತು. ಊರಿಗೆ ಮರಳುವವರಿಗೆ ಕಂಪನಿಯವರು ವಿಮಾನ ಗೊತ್ತು ಮಾಡಿದ್ದರು. ಆದರೆ ಹೋದವರಿಗೆ ಮತ್ತೆ ಅಲ್ಲಿ ಕೆಲಸವಿಲ್ಲ. "ಬರಲೋ, ಇಲ್ಲೇ ಇರಲೋ, ನೀನೇ ಹೇಳು" ಎಂದು ಭಾವ ಅಕ್ಕನಿಗೆ ಬಿಟ್ಟಿದ್ದರು. ಭಾನುವಾರ ಸಂಜೆಯೊಳಗೆ ಅವಳು ಹೇಳಬೇಕಿತ್ತು.

ಶನಿವಾರ ಅಕ್ಕ ಟಿವಿ ಬಂದ್ ಮಾಡಿ, "ನಡೀ, ಎಲ್ಲರೆ ಹೋಗಿ ಬರೋಣು" ಎಂದಳು. ಉದ್ಯಾನಕ್ಕೆ ಹೋದೆವು, ದುರಸ್ತಿಯೆಂದು ಗೇಟಿಗೆ ಬೀಗ. ನೆಹರು ಗಂಜ್ ಕಡೆಯ ಒಂದು ಖಾನಾವಳಿಗೆ ಹೋದೆವು. ಅಲ್ಲಿಯೂ ಗೋಡೆಗೆ ಟಿವಿ, ಟಿವಿಯಲ್ಲಿ ಭೂಪಟ, ಭೂಪಟದ ತುಂಬ ಕೆಂಪು ಬಾಣಗಳು. ಪಕ್ಕದ ಮೇಜಿನವರು ರೊಟ್ಟಿ ಮುರಿಯುತ್ತ, ಯಾವ ದೇಶ ಗೆಲ್ಲುತ್ತದೆಂದು ಜಗಳಕ್ಕೆ ನಿಂತಿದ್ದರು. ಅಕ್ಕ ಅರ್ಧ ಊಟಕ್ಕೇ ಎದ್ದಳು. ನನಗೂ ಸಿಟ್ಟು ಬಂತು. ಆದರೆ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ ನಾನು ಯುದ್ಧಗಳನ್ನು ಬೇರೆ ಹೇಗೆ ಓದಿದ್ದೆ? ಕಾರಣ, ಪರಿಣಾಮ, ಬಲಾಬಲ. ಅಷ್ಟು ಓದಿನಲ್ಲಿ, ಕ್ರೇನಿನ ಮೇಲೆ ಕೂತ ಒಬ್ಬರು ಬರಬೇಕೋ ಇರಬೇಕೋ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಭಾನುವಾರ ಕಮಲಾಪುರದ ಬಸ್ ಹತ್ತಿದೆವು. ಅಲ್ಲಿ ನಮ್ಮ ಮನೆದೇವರ ಗುಡಿಯಿದೆ. ದಾರಿ ತೋಚದಾಗ ಅಲ್ಲಿ ಪ್ರಸಾದ ಕೇಳುವುದು ನಮ್ಮ ಮನೆಯ ರೂಢಿ. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಹಚ್ಚುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದಾದರೆ ಬೇಡ. ಬಲದ್ದು ಬಿದ್ದರೆ ಗಂಡನನ್ನು ಕರೆಸಿಕೊಳ್ಳುತ್ತೇನೆಂದು ಅಕ್ಕ ಬೇಡಿಕೊಂಡು ಕಣ್ಣು ಮುಚ್ಚಿ ಕೂತಳು.

ಎಷ್ಟು ಹೊತ್ತಾದರೂ ಹೂ ಕದಲಲಿಲ್ಲ.

"ಬಾಳ ಹಸಿ ಆಗ್ಯಾವ ತಂಗಿ, ತಡಾ ಆಗ್ತದ" ಎಂದ ಪೂಜಾರಿ ಅಜ್ಜ, ನಮ್ಮ ಬೆವರು ನೋಡಿ, ಯಾರೋ ಭಕ್ತರು ಕೊಡಿಸಿದ್ದ ಹೊಸ ಫ್ಯಾನ್ ಹಾಕಲು ಎದ್ದರು.

ನಾನು ಫೋನ್ ತೆಗೆದೆ. ಕದನವಿರಾಮದ ಮಾತುಕತೆ ಮುರಿದುಬಿತ್ತೆಂದು ಒಂದು ಸುದ್ದಿ, ಮುಂದುವರಿದಿದೆಯೆಂದು ಇನ್ನೊಂದು. ತಲೆಯೆತ್ತಿದಾಗ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಎರಡೂ ಹೂ ಕೆಳಗಿದ್ದವು.

ಅಕ್ಕ ಕಣ್ಣು ಬಿಟ್ಟಳು. "ಯಾವದು ಮೊದಲ ಬಿತ್ತು ಅಜ್ಜಾರ?"

"ನಾ ಸ್ವಿಚ್ಚಿನ ಕಡಿ ಮಾರಿ ಮಾಡಿದ್ನೆವ್ವಾ."

ಅಕ್ಕ ನನ್ನ ಕಡೆ ತಿರುಗಿದಳು. "ನೀ ನೋಡಿದೇನು?"

"ಇಲ್ಲಕ್ಕಾ" ಎಂದೆ.

"ದುನಿಯಾದ ಸುದ್ದಿ ಎಲ್ಲಾ ಬೇಕು ನಿನಗ. ಮೂಗಿನ ಮುಂದಿನ ಹೂ ಕಾಣಲಿಲ್ಲ, ಹೌದಿಲ್ಲೋ?"

ಮತ್ತೊಮ್ಮೆ ಹಚ್ಚಿ ಎಂದು ನಾನು ಕೇಳಿಕೊಂಡೆ. ಅಜ್ಜ ಒಪ್ಪಲಿಲ್ಲ. "ಒಂದು ಮಾತು ದಿನಕ್ಕ ಒಮ್ಮೆ ಅಷ್ಟೇ ಕೇಳಬೇಕವ್ವಾ. ದೇವರಿಗೆ ಉಲ್ಟಾ ಸವಾಲ್ ಹಾಕಬಾರದು."

ಹೊರಗೆ ಬಂದು ಕಮಲಾಪುರದ ಕೆಂಪು ಬಾಳೆಹಣ್ಣಾದರೂ ಒಯ್ಯೋಣವೆಂದರೆ, ಕಲ್ಲಿನಂಥ ಕಾಯಿಗಳಷ್ಟೇ ಇದ್ದವು. ಒಯ್ಯಲಿಲ್ಲ.

ಮರಳುವ ಬಸ್ಸಿನಲ್ಲೇ ಭಾವನವರ ಫೋನ್ ಬಂತು. "ನಿಮಗ ಹ್ಯಾಂಗ ತಿಳೀತದ ಹಂಗ ಮಾಡ್ರಿ" ಎಂದಷ್ಟೇ ಹೇಳಿ ಅಕ್ಕ ಫೋನ್ ಇಟ್ಟಳು. ಅವರು ಅಲ್ಲೇ ಉಳಿದರು. ಈಗಲೂ ಅಲ್ಲೇ ಇದ್ದಾರೆ. ನಾವಿನ್ನೂ ಟಿವಿಯ ಭೂಪಟದಲ್ಲಿ ಆ ಬಂದರನ್ನು ಹುಡುಕುತ್ತೇವೆ.

ಅಕ್ಕ ಫೋನ್ ಇಟ್ಟ ಮೇಲೆ ನಾನೊಂದು ಮಾತು ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಮನೆಯಲ್ಲಿಯೂ ಒಂದೆರಡು ಸಲ ಕೇಳಿದ್ದೇನೆ. ಆಗೆಲ್ಲ ಅವಳು ಎದ್ದು ಟಿವಿ ಹಾಕಿದಳು.

"ಬಲದ್ದೇ ಮೊದಲ ಬಿತ್ತು ಅಂತ ನಾ ಹೇಳಿದ್ದರ, ನೀ ಖರೇನ ಅವರಿಗೆ ಬರ್ರಿ ಅಂತಿದ್ದೇನಕ್ಕಾ?"