ಕಂಪೌಂಡರು ಮತ್ತು ಬಾಯಿ ತೆರೆಯದ ಸೊಸೆ

ವೈದ್ಯಕೀಯ ಕಾಲೇಜಿಗೆ ವಯಸ್ಸು ಸಾಲದೆ ಒಂದು ವರ್ಷ ಕಾಯಬೇಕಾದಾಗ ನಾನು ಗೋಕಾಕದ ದವಾಖಾನೆಯೊಂದರಲ್ಲಿ ಬಾಟಲಿ ತೊಳೆಯುತ್ತಿದ್ದೆ. ಅಲ್ಲಿನ ಕಂಪೌಂಡರು, "ಸಾಯ್ತೀನ್ರಿ" ಎಂದು ಬಂದವರಿಗೆಲ್ಲ, "ಮೊದಲ ಕುಂದರ್ರಿ, ಆಮ್ಯಾಲ ಸಾಯೀರಂತ" ಎನ್ನುತ್ತಿದ್ದರು.

ಒಮ್ಮೆ ಮಸಗುಪ್ಪಿಯ ಹಿರಿಯರೊಬ್ಬರು ಸೊಸೆಯನ್ನು ಕರೆತಂದರು. ಗಂಟಲು ಬಾತು ಅವಳಿಗೆ ನೀರೂ ಇಳಿಯುತ್ತಿರಲಿಲ್ಲ. ಡಾಕ್ಟರು ಬಾಯಿ ತೆರೆ ಎಂದರೆ ಸೆರಗು ಕಚ್ಚಿಕೊಂಡಳು. ಮಾವನೆದುರು ನಾಲಗೆ ಚಾಚುವುದುಂಟೆ? ಮಾವನೋ ಅವಳನ್ನು ಬಿಟ್ಟು ಹೊರಗೆ ಹೋಗಲೊಲ್ಲರು.

"ಕಾಕಾ, ನಿಮ್ಮ ನಾಲಗಿ ತೋರಸ್ರಿ," ಎಂದರು ಕಂಪೌಂಡರು. ನೋಡಿ ಮುಖ ಸಿಂಡರಿಸಿದರು. "ಅಯ್ಯ, ಭಾಳ ಕೆಟ್ಟೈತ್ರಿ! ಹೊರಗ ನಿಂತು ಬಿಸಲಿಗೆ ಹಿಡೀರಿ."

ಕಿಟಕಿಯಾಚೆ ನಾಲಗೆ ಚಾಚಿ ನಿಂತ ಮಾವನನ್ನು ಕಂಡು ಸೊಸೆಗೆ ನಗು ತಡೆಯಲಾಗಲಿಲ್ಲ. ಬಾಯಿ ತೆರೆದದ್ದೇ ಡಾಕ್ಟರಿಗೆ ಕಾಣುವಂತೆ ನಾನು ಗಂಟಲಿಗೆ ಬ್ಯಾಟರಿ ಬೆಳಕು ಹಿಡಿದೆ. ಆ ವರ್ಷ ನಾನು ಮಾಡಿದ ಮೊದಲ ವೈದ್ಯಕೀಯ ಕೆಲಸವದು.

ಸೂಜಿ ಮಾಡಿಸಿಕೊಂಡು ಅವಳು ಹೊರಗೆ ಬಂದಾಗಲೂ ಮಾವ ಹಾಗೆಯೇ ನಿಂತಿದ್ದರು. ನಾಲಗೆ ಒಳಗೆ ತೆಗೆದುಕೊಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.