ಹೊರಸಿನ ಮೇಲಿಂದ ಕಂಡ ಕಾಲು

ಹೋದ ವರ್ಷ ನಾಗರಪಂಚಮಿ ಮುಗಿದ ಮೇಲಿನ ಮೊದಲ ಗುರುವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಗಜೇಂದ್ರಗಡದಲ್ಲಿ ನನ್ನ ಅಕ್ಕನ ಮನೆಯ ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ನಿಂತಿದ್ದೆ. ಕೈಯಲ್ಲಿ ಬೈಕಿನ ಕೀಲಿ ಇತ್ತು. ಬಾಗಿಲು ಪೂರ್ತಿ ತೆರೆದಿತ್ತು. ಎಡಕ್ಕೆ ಭಾವ ಸೀರೆ ನೇಯುವ ಮಗ್ಗ, ಬಲಕ್ಕೆ ಅಕ್ಕನ ಅತ್ತೆ ಮಲಗಿದ್ದ ಹೊರಸು. ನಡುವೆ ಏನೂ ಅಡ್ಡ ಇರಲಿಲ್ಲ. ಕಂಡದ್ದನ್ನು ಸರಿಯಾಗಿಯೇ ಕಂಡಿದ್ದೇನೆ.

ಅತ್ತೆಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಎಡಗೈ ಆಡುತ್ತಿತ್ತು. ಉಣಿಸುವುದು, ಬಟ್ಟೆ ಬದಲಿಸುವುದು, ಹೊರಳಿಸಿ ಮಲಗಿಸುವುದು ಎಲ್ಲ ಅಕ್ಕನದೇ. ಅಕ್ಕನಿಗೆ ಸಕ್ಕರೆ ಕಾಯಿಲೆ. ಮಳೆಗಾಲದ ಮೊದಲಿಗೆ ಚಪ್ಪಲಿ ಕಚ್ಚಿ ಎಡಗಾಲಲ್ಲಿ ಆದ ಗಾಯ ಮಾಯದೆ ಉಳಿದಿತ್ತು. ಅತ್ತೆಯ ಬೆನ್ನಿನ ಹುಣ್ಣಿಗೆ ದವಾಖಾನೆಯವರು ಮುಲಾಮು ಕೊಟ್ಟಿದ್ದರು. ಅದನ್ನು ಹಚ್ಚಿ ಮುಗಿಸಿ, ಬೆರಳಿಗೆ ಉಳಿದದ್ದನ್ನು ಅಕ್ಕ ತನ್ನ ಗಾಯಕ್ಕೆ ಒರೆಸಿಕೊಳ್ಳುತ್ತಿದ್ದಳು. ನಿನಗೂ ಒಂದಿಷ್ಟು ತೆಗೆದುಕೋ ಎಂದರೆ, ಅದು ಅವರಿಗೆ ಕೊಟ್ಟದ್ದು ಎನ್ನುತ್ತಿದ್ದಳು.

ಸಕ್ಕರೆ ಕಾಯಿಲೆಯ ಡಾಕ್ಟರು ಗಜೇಂದ್ರಗಡಕ್ಕೆ ಬರುತ್ತಿದ್ದುದು ಗುರುವಾರ ಮಾತ್ರ, ಮಧ್ಯಾಹ್ನದ ತನಕ. ಅದಕ್ಕೂ ಮೊದಲು ಎರಡು ಗುರುವಾರ ನಾನು ಅಕ್ಕನನ್ನು ಕರೆದೊಯ್ಯಲು ರೋಣದಿಂದ ಬಂದು ಸುಮ್ಮನೆ ತಿರುಗಿ ಹೋಗಿದ್ದೆ. ಎರಡು ಸಲವೂ ಅತ್ತೆಯನ್ನು ಮಾತಾಡಿಸಲು ಯಾರೋ ಬಂದಿದ್ದರು. ನಮ್ಮ ಕಡೆ ಹಾಸಿಗೆ ಹಿಡಿದವರನ್ನು ನೆಂಟರೆಲ್ಲ ಮಾತಾಡಿಸಿ ಹೋಗಲೇಬೇಕು. ಬಿಸ್ಕಿಟು, ಬ್ರೆಡ್ಡು ತರುತ್ತಾರೆ. ಅತ್ತೆ ಅವನ್ನು ನುಂಗಲಾರರು. ಗೋಡೆಯ ಮಾಡದಲ್ಲಿ ಪಾಕೀಟುಗಳು ಹಾಗೆಯೇ ಬಿದ್ದಿರುತ್ತಿದ್ದವು. ಬಂದವರಿಗೆಲ್ಲ ಅಕ್ಕ ಚಹಾ ಮಾಡಬೇಕು, ಅತ್ತೆ ಬಿದ್ದದ್ದು ಹೇಗೆಂದು ಮೊದಲಿನಿಂದ ಹೇಳಬೇಕು. ನಾನು ಕೂತಿರುತ್ತೇನೆ, ನೀನು ಒಂದು ತಾಸು ಮಲಗು ಎಂದವರನ್ನು ನಾನಂತೂ ನೋಡಲಿಲ್ಲ. ಎದುರು ಮನೆಯಾಕೆ ಒಬ್ಬಳೇ, ಆ ದಿನ ನಾವು ಬರುವವರೆಗೆ ಕೂಡಲು ಒಪ್ಪಿ ಬಂದಿದ್ದಳು.

ಅಕ್ಕ ಚಪ್ಪಲಿ ಮೆಟ್ಟಿದ್ದಳು. ಓಣಿಯಲ್ಲಿ ಟಂಟಂ ಆಟೊ ನಿಂತಿತು. ಲಕ್ಕಲಕಟ್ಟಿಯಿಂದ ಬಂದ ಭಾವನ ಕಾಕಾ, ಅವರ ಹೆಂಡತಿ ಇಳಿದರು. ಅಕ್ಕ ನನ್ನ ಮುಖ ನೋಡದೆ ಚಪ್ಪಲಿ ಬಿಟ್ಟಳು. ಎಡಗಾಲಿನದರಲ್ಲಿ ಕೀವಿನ ಕಲೆ ಇತ್ತು.

"ಕಾಕಾರ, ಅಕ್ಕನ ಕಾಲು ತೋರಿಸಬೇಕ್ರಿ. ಡಾಕ್ಟರ್ ಹೊಂಟುಬಿಡ್ತಾರ," ಎಂದೆ.

"ತಡಿಯೋ ತಮ್ಮಾ. ಒಂದ್ ಕಪ್ ಚಾ ಕುಡಿಯಾಕ ಎಷ್ಟೊತ್ತ ಬೇಕು? ಡಾಕ್ಟರ್ ಏನ್ ಓಡಿ ಹೊಕ್ಕಾನ?"

ಅವರ ಹೆಂಡತಿ ಪಂಚಮಿಯ ಉಂಡಿಯ ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟು, ಅತ್ತೆ ತಿನ್ನದಿದ್ದರೆ ನೀನಾದರೂ ತಿನ್ನು ಎಂದರು. ಸಕ್ಕರೆ ಕಾಯಿಲೆಯವಳಿಗೆ ಬೆಲ್ಲದ ಉಂಡಿ. ಭಾವ ಮಗ್ಗದಿಂದೆದ್ದು ಕುರ್ಚಿ ಎಳೆದು ಹಾಕಿದ.

ಹೊರಸು ಗಿಡ್ಡದು. ಬಲಮಗ್ಗುಲಾಗಿ ಮಲಗಿದ್ದ ಅತ್ತೆಯ ಕಣ್ಣಿಗೆ ಓಡಾಡುವವರ ಕಾಲೇ ಹೆಚ್ಚು ಕಾಣುತ್ತಿತ್ತು. ಅಕ್ಕ ಚಹಾ ಹಿಡಿದು ಪಕ್ಕ ಬಂದಾಗ ಅವರು ಎಡಗೈ ಚಾಚಿ ಅವಳ ಸೀರೆಯ ಅಂಚು ಹಿಡಿದರು. ಗಾಯ ಕಾಣುವಷ್ಟು ಮೇಲೆತ್ತಿದರು. ಆಮೇಲೆ ಅಂಚು ಬಿಟ್ಟು, ಕೈಯನ್ನು ಬಾಗಿಲಿನ ಕಡೆ ಮಾಡಿದರು. ಮತ್ತೊಮ್ಮೆ ಹಾಗೆಯೇ ಮಾಡಿದರು: ಮೊದಲು ಕಾಲು, ಆಮೇಲೆ ಬಾಗಿಲು.

ಕಾಕಾ ಕಣ್ಣೊರೆಸಿಕೊಂಡರು. "ನೋಡ್ರಿ, ಸೊಸಿಗೆ ಆಶೀರ್ವಾದ ಮಾಡಾಕತ್ತಾಳ. ಇಂಥ ಸೊಸಿ ಎಲ್ಲಿ ಸಿಗ್ತಾಳ? ತನ್ನ ಜೀವದ ಖಬರ ಇಲ್ಲ ಅಕಿಗೆ."

ಇದನ್ನು ಅವರು ಹೊಗಳಿಕೆಯಾಗಿ ಹೇಳಿದರು. ನನಗೆ ಇಂದಿಗೂ ಮೈ ಉರಿಯುವುದು ಆ ಮಾತಿಗೆ. ಆಶೀರ್ವಾದ ಅಲ್ಲ, ಹೋಗು ಅನ್ನುತ್ತಿದ್ದಾರೆ ಎಂದು ನಾನು ಹೇಳಿದೆ. ದನಿ ಏರಿತ್ತು. ಹಿರಿಯರ ಮುಂದೆ ಹೀಗೆ ಮಾತಾಡಬೇಡ ಎಂದು ಭಾವ ಗದರಿದ. ಅಕ್ಕ ಬಾಗಿ ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ಚಹಾ ಆಯಿತು, ಬಿದ್ದ ಕತೆ ಆಯಿತು, ಅಷ್ಟರಲ್ಲಿ ಹಾಸಿಗೆ ಒದ್ದೆಯಾಗಿ ಅದನ್ನೂ ಅಕ್ಕನೇ ಬದಲಿಸಿದಳು. ನಾವು ಹೋದಾಗ ಡಾಕ್ಟರ ಬಾಗಿಲು ಹಾಕಿತ್ತು.

ಮುಂದಿನ ಗುರುವಾರ ಬೆಳವಣಕಿಯ ನೆಂಟರು ಬಂದರು. ಅದರ ನಂತರ ಅಕ್ಕನಿಗೆ ಜ್ವರ ಬಂತು. ಗದಗಿನ ದವಾಖಾನೆಯಲ್ಲಿ ಎಡಗಾಲಿನ ಎರಡು ಬೆರಳು ತೆಗೆದರು. ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರೆ, "ಮನ್ಯಾಗ ಪೇಶಂಟ್ ಅದಾರ್ರೀ," ಎಂದಳು.

ಅವಳು ಅಲ್ಲಿದ್ದ ದಿನಗಳಲ್ಲಿ ಅತ್ತೆಯ ಬಟ್ಟೆ ಬದಲಿಸಿದವರು ಇದೇ ಕಾಕಾನ ಹೆಂಡತಿ. ಭಾವ ಮಗ್ಗ ನಿಲ್ಲಿಸಿ ತಾಯಿಗೆ ಉಣಿಸಿದ, ಬೆನ್ನಿಗೆ ಮುಲಾಮು ಹಚ್ಚಲು ಕಲಿತ. ಅತ್ತೆಗೆ ಏನೂ ಕಡಿಮೆಯಾಗಲಿಲ್ಲ. ಅಂದರೆ ಇವರಿಂದ ಇದು ಆಗುತ್ತಿತ್ತು. ಮೊದಲೇ ಆಗುತ್ತಿತ್ತು.

ಸಂಕ್ರಾಂತಿಗೆ ಮೊದಲು ಅತ್ತೆ ತೀರಿಕೊಂಡರು. ಕಾಕಾ ಗಟ್ಟಿಮುಟ್ಟಾಗಿದ್ದಾರೆ, ಆಶೀರ್ವಾದದ ಕತೆಯನ್ನು ಅತ್ತೆಯ ದಿವಸಕರ್ಮದ ಊಟದಲ್ಲೂ ಹೇಳಿದರು. ಅಕ್ಕ ಅದನ್ನೇ ನಂಬಿದ್ದಾಳೆ. ಭಾವ ಆ ಮಾತು ಎತ್ತುವುದಿಲ್ಲ. ಎದುರು ಮನೆಯಾಕೆ ಆ ಗುರುವಾರ ಹೊರಸಿನ ತಲೆಯ ಕಡೆ ನಿಂತಿದ್ದಳು. ಅಕ್ಕ ಬಿಟ್ಟ ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿ ಇಟ್ಟವಳು ಆಕೆಯೇ. ಅತ್ತೆಯ ಕೈ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಆಕೆಯೂ ನೋಡಿದ್ದಾಳೆ. ಈಗಲೂ ಅದೇ ಮನೆಯಲ್ಲಿದ್ದಾಳೆ, ಬೇಕಾದವರು ಕೇಳಬಹುದು.