ಬಂಡಿದಾರಿಯ ಮೇಲಿನ ಮನೆಗಳು

ಮುಧೋಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಫೋಟೋ ಸ್ಟುಡಿಯೋದ ಫಲಕದ ಮೇಲೆ ಇಂದಿಗೂ ಅಂದಾನೆಪ್ಪನವರ ಹೆಸರೇ ಇದೆ. ನಡೆಸುತ್ತಿರುವವಳು ಮಾತ್ರ ಅವರ ಮಗಳು ಗಂಗಾಂಬಿಕಾ. ಮದುವೆಮನೆಯಲ್ಲಿ ಗಂಡಸು ಕ್ಯಾಮೆರಾ ಹಿಡಿದು ಎದುರು ನಿಂತರೆ ಹೆಣ್ಣುಮಕ್ಕಳು ಸೆರಗು ಎಳೆದುಕೊಂಡು ಬಿಗಿಯಾಗಿಬಿಡುತ್ತಿದ್ದ ಕಾಲದಲ್ಲಿ, ಅಂದಾನೆಪ್ಪನವರು ಆಗಷ್ಟೇ ಕಾಲೇಜು ಮುಗಿಸಿದ್ದ ಮಗಳ ಕೈಗೆ ಎರಡನೆಯ ಕ್ಯಾಮೆರಾ ಕೊಟ್ಟು ಒಳಮನೆಗೆ ಕಳಿಸಿದರು. ಅಲ್ಲಿಂದ ಅದು ಅವಳದೇ ಕಸುಬಾಯಿತು. ಜಮಖಂಡಿಯಿಂದ ರಬಕವಿ-ಬನಹಟ್ಟಿಯವರೆಗೆ, ಅರಿಷಿಣದ ಮಣೆ ಹಾಕುವ ಮೊದಲು ಗಂಗಕ್ಕ ಬಂದಳೇ ಎಂದು ಕೇಳುವ ಮನೆಗಳಿವೆ. ನೆರಳು ಬಿದ್ದರೆ ಬೀಗರಿಗಷ್ಟೇ ಅಲ್ಲ, ಸ್ವಾಮಿಗಳಿಗೂ ಪಕ್ಕಕ್ಕೆ ಸರಿಯಿರಿ ಎನ್ನುವವಳು ಎಂಬ ಹೆಸರೂ ಅವಳಿಗಿದೆ.

ಕೊರೊನಾದ ವರ್ಷ ಮದುವೆಗಳೆಲ್ಲ ನಿಂತುಹೋದವು. ಕ್ಯಾಮೆರಾ ಪೆಟ್ಟಿಗೆಯಲ್ಲೇ ಕುಳಿತರೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಗಾಳಿ ಬಿಸಿಲು ತೋರಿಸಿ ತರುವ ನೆಪದಲ್ಲಿ ಅವಳು ಸ್ಕೂಟರ್ ಹತ್ತಿ ಊರ ಹೊರಗಿನ ದಾರಿಗಳನ್ನು ಹಿಡಿದಳು. ಮೊದಮೊದಲು ಕಬ್ಬಿನ ನಡುವಿನ ಗಾಡಿಜಾಡುಗಳನ್ನು ತೆಗೆದಳು. ಆಮೇಲೆ ಆ ಜಾಡುಗಳ ಕೊನೆಯಲ್ಲಿ ನಿಂತಿದ್ದ, ಯಾರೂ ಇಲ್ಲದ ತೋಟದ ಮನೆಗಳನ್ನು: ಮಾಳಿಗೆ ಕುಸಿದ ದನದ ಕೊಟ್ಟಿಗೆ, ಹಗ್ಗ ಉಜ್ಜಿ ಅಂಚು ಸವೆದ ಬಾವಿಕಲ್ಲು, ಮೋಟರು ಕಿತ್ತುಕೊಂಡು ಹೋದ ಪಂಪ್‌ಸೆಟ್ಟಿನ ಕೋಣೆ. ಮದುವೆಗಳು ಮರಳಿ ಬಂದವು, ಅವಳ ಚಟ ಹೋಗಲಿಲ್ಲ. ಮುಹೂರ್ತವಿಲ್ಲದ ದಿನಗಳಲ್ಲಿ ನಸುಕಿಗೇ ಹೊರಟುಬಿಡುತ್ತಿದ್ದಳು. ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತನಾಗಿರುವ ಗಂಡ ಗುರುಸಿದ್ದ, ಕರೆದ ಮನೆಗಳಿಗೆ ಹೋಗಿ ಹೋಗಿ ಬೇಸರವಾಗಿ ಇವಳೀಗ ಯಾರೂ ಕರೆಯದ ಮನೆಗಳಿಗೆ ಹೊರಟಿದ್ದಾಳೆಂದು ನೆರೆಹೊರೆಯವರ ಮುಂದೆ ನಗುತ್ತಿದ್ದ.

ಹಾಗೆ ಸುತ್ತುತ್ತಲೇ ಅವಳು ಬೀಳಗಿಯ ಆಚೆ, ಕೃಷ್ಣೆಯ ಹಿನ್ನೀರಿನ ದಂಡೆಗೆ ಬಂದು ಮುಟ್ಟಿದ್ದು. ಅಲ್ಲಿ ಮುಳುಗಡೆಯ ಕಾಲಕ್ಕೆ ಬಿಟ್ಟುಹೋದ ಒಂದು ಸಾಲು ತೋಟದ ಮನೆಗಳಿದ್ದವು. ಗೋಡೆಗಳೆಲ್ಲ ಗಟ್ಟಿ ಕಲ್ಲಿನವು. ಮಳೆಗಾಲದಲ್ಲಿ ನೀರು ಏರಿ ಅವುಗಳ ಬುಡ ನೆನೆಸುತ್ತದೆ, ಬೇಸಿಗೆಯಲ್ಲಿ ದೂರ ಸರಿಯುತ್ತದೆ. ಆ ಮನೆಗಳ ಜನರೆಲ್ಲ ದಿಬ್ಬದ ಮೇಲಿನ ಹೊಸ ಊರಿನಲ್ಲಿದ್ದಾರೆ. ಬರುವಾಗ ಅವರು ಬಾಗಿಲು, ಚೌಕಟ್ಟು, ತೊಲೆ, ಜಂತಿಗಳನ್ನೆಲ್ಲ ಬಿಚ್ಚಿಕೊಂಡು ಬಂದು ಹೊಸ ಮನೆಗಳಿಗೆ ಕೂಡಿಸಿದ್ದರು. ಸಿಮೆಂಟಿನ ಸಣ್ಣ ಮನೆಗೆ ಕೆತ್ತನೆಯ ದೊಡ್ಡ ಬಾಗಿಲು ನಿಂತಿರುವುದನ್ನು ಆ ಊರಿನಲ್ಲಿ ಯಾರೂ ವಿಚಿತ್ರವೆಂದುಕೊಳ್ಳುವುದಿಲ್ಲ.

ಊರಿನ ಹಿರಿಯ ತುಕಾರಾಮ ಅವಳ ಕೆಲಸದ ಸುದ್ದಿ ಕೇಳಿ ತಾನಾಗಿಯೇ ಒಂದು ಮಾತು ಹೇಳಿದ. ಹೊಸದಾಗಿ ಕಟ್ಟಿದ ಸಮುದಾಯ ಭವನದ ಗೋಡೆ ಖಾಲಿ ಇದೆ. ಹಳೆಯ ದಾರಿಯ ಮೇಲಿನ ಒಂದೊಂದು ಮನೆಯ ಫೋಟೋವನ್ನೂ ಅಲ್ಲಿ ಸಾಲಾಗಿ ತೂಗುಹಾಕೋಣ. ಹೊಸ ಊರಿನಲ್ಲೇ ಹುಟ್ಟಿದ ಮಕ್ಕಳು ತಮ್ಮ ಮನೆ ಹೀಗಿತ್ತೆಂದು ನೋಡಲಿ. ಗಂಗಾಂಬಿಕಾ ಒಪ್ಪಿ ಮಾತು ಕೊಟ್ಟಳು. ಯಾರ ಆಲ್ಬಮಿನೊಳಗೂ ಸೇರದೆ ಎಲ್ಲರ ಕಣ್ಣೆದುರು ಗೋಡೆಯ ಮೇಲೆ ನಿಲ್ಲುವ ಚಿತ್ರ ಅವಳ ಕೈಯಿಂದ ಅದುವರೆಗೂ ಬಂದಿರಲಿಲ್ಲ.

ಚಳಿಗಾಲ ಕಳೆದು ಬೇಸಿಗೆಯುದ್ದಕ್ಕೂ ಅವಳು ಅಲ್ಲಿಗೆ ಹೋದಳು. ಮನೆಗಳ ಸಾಲಿನ ಪಕ್ಕ ಅಗಲವಾದ ಮಣ್ಣಿನ ದಾರಿಯೊಂದಿತ್ತು. ಪ್ರತಿಯೊಂದು ಮನೆಯ ಗೋಡೆಯಲ್ಲೂ ಆ ದಾರಿಯ ಕಡೆಗೆ ಆಳೆತ್ತರದ ಕಿಂಡಿ. ಚೌಕಟ್ಟು ಕಿತ್ತ ಬಾಗಿಲು ಇನ್ನು ಹೇಗಿರಲು ಸಾಧ್ಯವೆಂದು ಅವಳು ಅದರ ನೇರಕ್ಕೆ ಸ್ಟ್ಯಾಂಡ್ ನೆಟ್ಟು, ಬೆಳಕು ಹದಕ್ಕೆ ಬರುವವರೆಗೆ ಕಾದು, ಒಂದೊಂದನ್ನೂ ತೆಗೆದಳು. ಜೂನ್ ಮೊದಲ ವಾರ ಫ್ರೇಮ್ ಹಾಕಿಸಿದ ಚಿತ್ರಗಳನ್ನು ಗಾಡಿಯಲ್ಲಿ ತಂದು ಭವನದ ಜಗುಲಿಯ ಮೇಲೆ ಸಾಲಾಗಿ ಒರಗಿಸಿದಳು.

ಗಂಡಸರು ಮೊದಲು ನೋಡಿದರು. ತುಕಾರಾಮ ಒಂದನ್ನು ಕಣ್ಣಿನ ಹತ್ತಿರ ತಂದ, ತೋಳು ಚಾಚಿ ದೂರ ಹಿಡಿದ, ಕೊನೆಗೆ ಮೆಲ್ಲನೆ ಕೆಳಗಿಟ್ಟ.

“ಛಲೋ ತಗದೀ ಯವ್ವಾ. ಆದ್ರ ಇವು ನಮ್ಮ ಮನಿ ಅಲ್ಲ. ಬ್ಯಾರೆ ಯಾವುದೋ ಊರವು ಇರಬೇಕು.”

ಅವಳು ದಾರಿಯ ಗುರುತು ಹೇಳಿದಳು, ಬೇವಿನ ಮರಗಳನ್ನು ತೋರಿಸಿದಳು. ಅವನು ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಹೆಂಗಸರಲ್ಲಿ ಬೋರವ್ವ ಎಂಬಾಕೆ ಮುಂದೆ ಬಂದು ಒಂದು ಚಿತ್ರದ ಮೂಲೆಗೆ ಬೆರಳಿಟ್ಟು, ಪಕ್ಕದವಳತ್ತ ತಿರುಗಿದಳು.

“ನೋಡಬೇ ಕರೆವ್ವಾ, ನಮ್ಮ ಮುಸುರಿ ತಿಕ್ಕೋ ಕಲ್ಲು. ಇದು ನಮ್ಮ ಹಿತ್ತಲ.”

ಕರೆವ್ವ ಬಗ್ಗಿ ನೋಡಿ ತನ್ನ ಬಚ್ಚಲ ನೀರು ಹರಿಯುತ್ತಿದ್ದ ಕಾಲುವೆಯನ್ನು ಹುಡುಕಿ ತೆಗೆದಳು. ಒಬ್ಬೊಬ್ಬಳಾಗಿ ಎಲ್ಲರಿಗೂ ಗುರುತು ಹತ್ತಿತು. ಗಂಡಸರು ಆಗಲೂ ಪಿಳಿಪಿಳಿ ನೋಡುತ್ತಿದ್ದರು.

“ಅವರಿಗೆ ಹಿತ್ತಲ ಗುರ್ತ ಎಲ್ಲಿ ಹತ್ತಬೇಕು?” ಎಂದಳು ಬೋರವ್ವ. “ಉಂಡು ಗಂಗಾಳ ಸರಿಸಿ ಎದ್ದು ಹೋಗಾವ್ರು.”

ನಗು ನಿಂತ ಮೇಲೆ ಅವಳೇ ಗಂಗಾಂಬಿಕಾಗೆ ಬಿಡಿಸಿ ಹೇಳಿದಳು. ತೊಲೆಗಳು ಮನೆಯಷ್ಟೇ ಉದ್ದ, ಬಾಗಿಲಿನಿಂದ ಹೊರಳಿಸಿ ಹೊರತರಲು ಬರುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಹಿತ್ತಲ ಗೋಡೆ ಒಡೆದು, ಎತ್ತು ಹೂಡಿ ಎಳೆಸಿದ್ದರು. ಆ ಕಿಂಡಿಗಳು ಬಾಗಿಲುಗಳಲ್ಲ. ಇನ್ನು ಆ ಮಣ್ಣಿನ ದಾರಿಯೂ ದಾರಿಯಲ್ಲ. ನೀರಿಳಿದ ನೆಲದಲ್ಲಿ ಕಡಲೆ ಬಿತ್ತಲು ಹೋಗುವ ಟ್ರ್ಯಾಕ್ಟರುಗಳು ಈಚೆಗೆ ಮಾಡಿದ ಜಾಡು. ಖರೆ ಬಂಡಿದಾರಿ ಮನೆಗಳ ಆ ಮಗ್ಗುಲಿಗೆ, ಹೊಳೆಯ ಕಡೆಗಿತ್ತು. ಎಲ್ಲ ಮನೆಗಳ ಮುಖವೂ ಅತ್ತಲೇ.

“ಇವನ್ನ ಗ್ವಾಡಿಗೆ ಹಾಕಿದ್ರ ಬಂದ ಬೀಗರು ಏನಂದಾರು, ಬಾಯಾರ? ಕನ್ನಾ ಬಿದ್ದ ಮನಿಯವ್ರು ಅಂದಾರು.”

ಗಂಗಾಂಬಿಕಾ ತಪ್ಪನ್ನು ಒಪ್ಪಿಕೊಂಡಳು. ವಧುವಿನ ಬೆನ್ನು ತೆಗೆದು ಇದೇ ಮುಖವೆಂದು ಕೊಟ್ಟಂತಾಯಿತಲ್ಲ ಎಂದು ತನ್ನೊಳಗೇ ಉರಿದಳು. ಚಿತ್ರಗಳನ್ನು ಮತ್ತೆ ಗೋಣಿಯಲ್ಲಿ ಸುತ್ತುತ್ತ, ಹೊಳೆಗೆ ನೀರು ಬರುವುದರೊಳಗೆ ಮುಖಗಳನ್ನು ತಂದುಕೊಡುತ್ತೇನೆಂದು ತುಕಾರಾಮನಿಗೆ ಹೇಳಿದಳು. ಮುಂದಿನ ವರ್ಷ ತೆಗೆದರಾಯಿತಲ್ಲ ಎಂದು ಅವನು ಸಮಾಧಾನ ಹೇಳಿದ. ಆದರೆ ವರ್ಷಕ್ಕೆ ಒಂದೆರಡು ಗೋಡೆಗಳು ನೀರಿಗೆ ಬೀಳುತ್ತಿರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಈ ಮಳೆಗಾಲ ಕಳೆದ ಮೇಲೆ ಯಾವ ಮನೆಗೆ ಮುಖ ಉಳಿದಿರುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಸಂಜೆ ಮನೆಯಲ್ಲಿ ಗುರುಸಿದ್ದ ಸುಲಭದ ದಾರಿಯೊಂದನ್ನು ಸೂಚಿಸಿದ. ಈಗಿನ ಕಂಪ್ಯೂಟರಿಗೆ ಒಂದು ಮಾತು ಹೇಳಿದರೆ ಸಾಕು, ಕಿಂಡಿಯಿದ್ದಲ್ಲಿ ಕೆತ್ತನೆಯ ಬಾಗಿಲು, ಬಾಗಿಲಿಗೆ ತೋರಣ, ಮುಂದೆ ರಂಗೋಲಿಯನ್ನೂ ಬಿಡಿಸಿಕೊಡುತ್ತದೆ. ಮದುವೆಯ ಆಲ್ಬಮಿನಲ್ಲಿ ಮೋಡವಿಲ್ಲದ ಆಕಾಶಕ್ಕೆ ಮೋಡ ಕೂಡಿಸುವವಳು ಇವಳೇ ಅಲ್ಲವೇ ಎಂದ.

“ಆಲ್ಬಮ್‌ದಾಗ ಮೋಡ ಯಾರದೇ ಇರಲಿ, ನಡೀತೈತ್ರೀ. ಅಲ್ಲೆ ಗ್ವಾಡಿ ಮ್ಯಾಲ ಅವರವರ ಮನೀನ ಇರಬೇಕು” ಎಂದು ಅವಳು ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದಳು.

ಮರುದಿನ ನಸುಕಿಗೆ ಮನೆಗಳ ಆಚೆ ಮಗ್ಗುಲಿಗೆ ಇಳಿದು ನೋಡಿದರೆ ದಾರಿಯ ಸುಳಿವೇ ಇಲ್ಲ. ವರ್ಷವರ್ಷವೂ ಹೊಳೆ ತಂದು ಸುರಿದ ಮೆಕ್ಕಲು, ಅದರ ಮೇಲೆ ಕಡಲೆಯ ಕೂಳೆ, ಅಲ್ಲಲ್ಲಿ ಬಳ್ಳಾರಿ ಜಾಲಿ. ಯಾವ ಅಂತರದಲ್ಲಿ ನಿಂತರೆ ಮನೆ ಹೇಗೆ ಕಾಣುತ್ತದೆಂಬುದು ಅವಳಿಗೆ ಗೊತ್ತಿತ್ತು. ದಿನಾಲೂ ಆ ಮನೆಗೆ ಬರುವವರು ಎಲ್ಲಿಂದ ಅದನ್ನು ನೋಡುತ್ತಿದ್ದರೆಂಬುದು ಗೊತ್ತಿರಲಿಲ್ಲ. ಗೊತ್ತಾಗದೆ ಸ್ಟ್ಯಾಂಡ್ ಇಳಿಸಬಾರದೆಂದು ಹಟ ಹಿಡಿದು ಹೊಲದ ಉದ್ದಕ್ಕೂ ನಡೆದಳು. ಒಂದೆಡೆ ಬಿತ್ತನೆ ತಟ್ಟನೆ ನಿಂತಿತ್ತು. ಅಲ್ಲಿ ನೆಲವೇ ಬಂಡೆ, ಕೂರಿಗೆಗೆ ದಕ್ಕದ ಜಾಗ. ಕಾಲಿನಿಂದ ಮಣ್ಣು ಸರಿಸಿದಳು. ಮೊಣಕಾಲೂರಿ ಕೈಯಿಂದ ಬಾಚಿದಳು. ಬಂಡೆಯ ಮೈಯಲ್ಲಿ ಅಕ್ಕಪಕ್ಕ ಎರಡು ಜಾಡು ಸವೆದಿದ್ದವು, ಬಂಡಿಯ ಗಾಲಿಗಳು ತಲೆಮಾರುಗಟ್ಟಲೆ ಉರುಳಿ ಕೊರೆದ ಗೆರೆಗಳು. ಅವುಗಳ ನಡುವೆ ಎದ್ದು ನಿಂತು, ಗೆರೆಗಳು ಹೋಗುವ ದಿಕ್ಕನ್ನು ಕಣ್ಣಲ್ಲೇ ಹಿಡಿದು, ಮನೆಗಳತ್ತ ತಿರುಗಿದಳು.

ಅಲ್ಲಿದ್ದವು ಮುಖಗಳು. ಚೌಕಟ್ಟು ಕಿತ್ತಲ್ಲಿ ಮೇಲಿನ ಕಲ್ಲು ಜಾರಿ ಬಾಗಿಲು ಇಕ್ಕಟ್ಟಾಗಿತ್ತು, ಆದರೂ ಬಾಗಿಲೆಂದು ಯಾರಿಗೂ ತಿಳಿಯುವಂತಿತ್ತು. ಎರಡೂ ಕಡೆ ಕಟ್ಟೆ, ಕಟ್ಟೆಯ ಮೇಲೆ ದೀಪದ ಗೂಡು, ಗೂಡಿನ ಸುತ್ತ ಎಣ್ಣೆಯ ಮಸಿ. ಹೊಳೆ ಬಡಗಣಕ್ಕಿರುವುದರಿಂದ ವರ್ಷದ ಹೆಚ್ಚಿನ ದಿನಗಳಲ್ಲಿ ಈ ಗೋಡೆಗಳ ಮೇಲೆ ಬಿಸಿಲೇ ಬೀಳುವುದಿಲ್ಲ. ಜೂನ್ ತಿಂಗಳ ಮಿರಗದ ಮಳೆಯ ಈ ಕೆಲವು ವಾರಗಳಲ್ಲಿ ಮಾತ್ರ ಸೂರ್ಯ ಬಡಗಣಕ್ಕೆ ವಾಲಿ ಹುಟ್ಟುತ್ತಾನೆ, ಬೆಳಗಿನ ಬಿಸಿಲು ಕಲ್ಲುಗಳನ್ನು ಓರೆಯಾಗಿ ಸವರಿ ಹೋಗುತ್ತದೆ. ಬೇಸಿಗೆಯಲ್ಲೇ ಸರಿಯಾದ ಮಗ್ಗುಲಿಗೆ ಬಂದಿದ್ದರೂ ಈ ಬೆಳಕು ಸಿಗುತ್ತಿರಲಿಲ್ಲ. ತಪ್ಪಿನಿಂದ ಲಾಭವೂ ಆಯಿತೆಂದು ಹಿಗ್ಗುವ ಸ್ವಭಾವ ಅವಳದಲ್ಲ. ಬೆಳಕಿದ್ದಷ್ಟು ಹೊತ್ತು ಎರಡು ಮನೆ ಮುಗಿಸಿ ಎದ್ದಳು.

ಆಮೇಲೆ ಮೋಡಕ್ಕೂ ಅವಳಿಗೂ ಜಗಳ. ಎಷ್ಟೋ ದಿನ ಬಂದು ಬರಿಗೈಯಲ್ಲಿ ಹಿಂದಿರುಗಿದಳು. ರನ್ನ ಬೆಳಗಲಿಯ ಒಂದು ನಿಶ್ಚಯ ಕಾರ್ಯವನ್ನು ಜಮಖಂಡಿಯಲ್ಲಿ ಇದೇ ಕಸುಬಿನ ಹುಡುಗನೊಬ್ಬನಿಗೆ ಒಪ್ಪಿಸಿದಳು; ಅದಕ್ಕೆ ಆ ಮನೆಯವರು ಮುನಿಸಿಕೊಂಡರು. ಸ್ಟುಡಿಯೋದ ಎದುರಿನ ಚಹಾದ ಅಂಗಡಿಯಲ್ಲಿ ಕೃಷ್ಣೆಗೆ ನೀರು ಇಳಿದುಬರುವ ಕೊಯ್ನಾ ಕಡೆ ಮಳೆ ಜೋರಾಗಿದೆ ಎಂಬ ಮಾತು ಶುರುವಾದಾಗ ಇನ್ನೂ ಅರ್ಧ ಮನೆಗಳು ಬಾಕಿ. ಅವಳು ಹೊಳೆಗೆ ಹತ್ತಿರದವುಗಳನ್ನು ಬಿಟ್ಟು ಮೇಲಿನವನ್ನು ಮೊದಲು ತೆಗೆದದ್ದು ತಪ್ಪಾಯಿತೆಂದು ಬೈದುಕೊಂಡಳು, ಅಂದಿನಿಂದಲೇ ಕೆಳಗಿನಿಂದ ಮೇಲಕ್ಕೆ ತೆಗೆಯತೊಡಗಿದಳು. ಕೆಳತುದಿಯ ಒಂದು ಮನೆ ಮಾತ್ರ ಬಗ್ಗಲಿಲ್ಲ. ಮೂರು ಬಾರಿ ಸ್ಟ್ಯಾಂಡ್ ನೆಟ್ಟಳು, ಮೂರೂ ಬಾರಿ ಮೋಡ ಮುಚ್ಚಿತು. ಅದು ತುಕಾರಾಮನ ಮನೆ. ಮುಂದಿನ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಹೊರಕ್ಕೆ ವಾಲಿತ್ತು.

ಮೋಡವಿದ್ದರೂ ಚಿತ್ರ ಬೀಳುತ್ತದೆ, ತೆಗೆದುಕೊಂಡು ಬಾ ಎಂದು ಗುರುಸಿದ್ದ ಹೇಳಿ ನೋಡಿದ. ಉಳಿದವರ ಮನೆಗಳಿಗೆಲ್ಲ ಬಿಸಿಲು ಕೊಟ್ಟು ಅವರಿಗೊಬ್ಬರಿಗೆ ನೆರಳು ಕೊಡಲೇ ಎಂದು ಅವಳು ಕೇಳಿದಳು.

ಕೊನೆಗೆ ಆಕಾಶ ತೊಳೆದಂತಾದ ದಿನ ಹೋಗಿ ನೋಡಿದರೆ ಬಂಡಿದಾರಿಯ ಆ ತುದಿಯ ಮೇಲೆ ಆಗಲೇ ನೀರು ಬಂದಿತ್ತು, ಕೆಂಪಗೆ, ಸದ್ದಿಲ್ಲದೆ. ದಂಡೆಯಲ್ಲಿ ತುಕಾರಾಮ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನದೊಂದೇ ಮನೆ ತೆಗೆಯಲು ಉಳಿದಿದೆಯೆಂದು ಬೋರವ್ವ ಹೇಳಿದ್ದಳಂತೆ. ಮೊಮ್ಮಗನ ಬೈಕ್ ಹತ್ತಿ ಬಂದಿದ್ದ. ಊರು ಬಿಟ್ಟ ಮೇಲೆ ಅವನು ಈ ಕಡೆ ಇಳಿದವನೇ ಅಲ್ಲ. ಹೊಲವನ್ನು ಪಾಲಿಗೆ ಹಾಕಿ, ಬಿಟ್ಟುಬಂದದ್ದನ್ನು ಹೊರಳಿ ನೋಡಬಾರದೆಂದು ಮನೆಯವರಿಗೂ ಹೇಳಿಟ್ಟಿದ್ದ.

“ನಿಲ್ಲಾಕ ಜಾಗಾ ಎಲ್ಲೈತಿ ಯವ್ವಾ? ಸಾಕು, ಆತು ಬಿಡು” ಎಂದ.

“ದಾರಿ ಮ್ಯಾಲ ನಿಂದ್ರತೀನ್ರಿ ಕಾಕಾ. ದಾರಿ ಎಲ್ಲೂ ಹೋಗಿಲ್ಲ, ನೀರಿನ ಬುಡಕ ಐತಿ.”

ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಮೊಣಕಾಲ ಮಟ ಬಂತು. ಸ್ಟ್ಯಾಂಡಿನ ಕಾಲುಗಳನ್ನು ಒಂದೊಂದಾಗಿ ಕೆಸರಿಗೆ ತುಳಿದು, ಗಟ್ಟಿ ನೆಲ ತಾಕುವವರೆಗೆ ಒತ್ತಿದಳು. ಕ್ಯಾಮೆರಾ ಕೂಡಿಸಿ, ಅದರ ಪಟ್ಟಿಯನ್ನು ಕೊರಳಿಗೂ ಹಾಕಿಕೊಂಡಳು. ಸ್ಟ್ಯಾಂಡ್ ಜಾರಿದರೆ ತನ್ನ ಕುತ್ತಿಗೆ ಹಿಡಿದುಕೊಳ್ಳಲಿ. ಬಿಸಿಲು ಇನ್ನೂ ಗೋಡೆಯ ಮೇಲಂಚಿನಲ್ಲಿತ್ತು. ಕಾಯಬೇಕಿತ್ತು.

ತುಕಾರಾಮ ಚಪ್ಪಲಿಯನ್ನು ದಂಡೆಯ ಮೇಲಿಟ್ಟು, ಅವಳನ್ನು ದಾಟಿ ಮನೆಯ ಕಡೆಗೆ ನಡೆದ. ಕಟ್ಟೆಯ ಕೆಳಗೆ, ಮೊಣಕಾಲವರೆಗಿನ ನೀರಿನಲ್ಲೇ ನಿಂತು, ಬಗ್ಗಿ, ಬೊಗಸೆಯಿಂದ ನೀರು ತೆಗೆದು ಒಂದೊಂದೇ ಕಾಲನ್ನೆತ್ತಿ ತೊಳೆದುಕೊಂಡ. ಮುಖಕ್ಕೂ ಒಂದಿಷ್ಟು ಎರಚಿಕೊಂಡ. ಆಮೇಲೆ ಮೆಟ್ಟಿಲು ಹತ್ತಿ, ಜಾರಿದ ಕಲ್ಲಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದ. ವಾಲಿದ ಗೋಡೆಯ ಬಗ್ಗೆ ಎಚ್ಚರಿಸಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕಣ್ಮರೆಯಾಗಿದ್ದ.

ಬಿಸಿಲು ಇಳಿಯಿತು. ದೀಪದ ಗೂಡು ಬೆಳಗಿತು, ಕಟ್ಟೆ ಬೆಳಗಿತು. ಒಳಗಿನಿಂದ ದನಿ ಬಂತು.

“ಬಾಗಲಾ ಕಾಣಸಾಕತ್ತೈತೇನವ್ವಾ?”

“ಕಾಣಸಾಕತ್ತೈತ್ರಿ ಕಾಕಾ. ಸ್ವಲ್ಪ ಬದಿಗೆ ಸರೀರಿ, ಅಂಗಿ ಬರಾಕತ್ತೈತಿ.”

ಅವನು ಸರಿದ. ಅವಳು ಗುಂಡಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಮೋಡವೊಂದು ಪಡುವಣದಿಂದ ಹೊರಟಿತ್ತು. ಅದು ಬಂದು ಮುಟ್ಟುವುದರೊಳಗೆ ಎಡಗಡೆಯಿಂದಲೂ ಒಂದು ಬೇಕೆಂದು, ಅವಳು ಸ್ಟ್ಯಾಂಡಿನ ಕಾಲುಗಳನ್ನು ಕೆಸರಿನಿಂದ ಕೀಳತೊಡಗಿದಳು.